ಮಂಜಿನ ಮೇಲೆಳೆದ ಗೆರೆ

ಬಣ್ಣ ಎಲ್ದಾಳದು, ಗೆರೆ ಗಸ್ತೋನೆಯದು, ಸಹಿಯೂ ಗಸ್ತೋನೆಯದೇ. ಮದುವೆಯಾದ ಹೊಸತರಲ್ಲಿ ಹಾಗೆ ಶುರುವಾದದ್ದು, ಗಂಡಹೆಂಡಿರ ತಲೆ ನರೆತರೂ ಹಾಗೆಯೇ ನಡೆದುಕೊಂಡು ಬಂದಿತ್ತು. ವೆನಿಸ್ಸಿನ ಉತ್ತರದ ಅಂಚಿಗೆ, ಪ್ರವಾಸಿಗಳು ದಾರಿ ತಪ್ಪಿದರೆ ಮಾತ್ರ ಬಂದು ಮುಟ್ಟುವ ಮಿಸೆರಿಕೊರ್ದಿಯಾ ಕಾಲುವೆಯ ದಂಡೆಯ ಮೇಲೆ, ಸೇತುವೆಗೆ ಒತ್ತಿಕೊಂಡು ಅವರ ಮೇಜು. ಎಲ್ದಾ ಒದ್ದೆ ಹಾಳೆಯ ಮೇಲೆ ಬಣ್ಣದ ನೀರು ಹರಿಯಬಿಡುತ್ತಾಳೆ: ಇಟ್ಟಿಗೆ ಕೆಂಪು, ಪಾಚಿ ಹಸಿರು, ಆಕಾಶವೋ ನೀರೋ ಹೇಳಲಾಗದ ಒಂದು ಬೂದುನೀಲಿ. ಹತ್ತಿರದಿಂದ ನೋಡಿದರೆ ಬರೀ ಕಲೆ. ಸ್ವಲ್ಪ ಹಿಂದೆ ಸರಿದು ಕಣ್ಣು ಕಿರಿದು ಮಾಡಿದರೆ ಕಾಲುವೆ, ಎರಡೂ ಕಡೆ ಮನೆಗಳು, ಮಧ್ಯಾಹ್ನದ ಬಿಸಿಲು. ಹಾಳೆ ಒಣಗಿದ ಮೇಲೆ ಗಸ್ತೋನೆಯ ಕೈಗೆ ಬರುತ್ತದೆ. ಅವನು ಲೇಖನಿ ಅದ್ದಿ ಕಿಟಕಿ, ಚಿಮಣಿ, ಸೇತುವೆಯ ಕಂಬಿ, ದೋಣಿ ಕಟ್ಟುವ ಕಂಬ, ಹಗ್ಗದ ಮೇಲೆ ಒಣಹಾಕಿದ ಬಟ್ಟೆ ಎಲ್ಲವನ್ನೂ ಗೆರೆಯಲ್ಲಿ ಹಿಡಿದು ನಿಲ್ಲಿಸುತ್ತಾನೆ. ಕೊನೆಗೆ ಬಲಮೂಲೆಯಲ್ಲಿ 'ಜಿ. ಝೆನ್ನಾರೊ' ಎಂದು ಬಾಲ ಎಳೆದು ಸಹಿ ಹಾಕುತ್ತಾನೆ.

ತರಕಾರಿ ದೋಣಿಯ ಒತ್ತೊರೀನೊ ಅವರ ಮೇಜಿನೆದುರು ದೋಣಿ ಕಟ್ಟುವಾಗಲೆಲ್ಲ ಒಂದು ಕುಟುಕು ಕುಟುಕದೆ ಹೋಗುವವನಲ್ಲ.

"ಅಲ್ವೋ ಮುದುಕಾ, ಹೆಂಡ್ತಿ ಸಾರು ಕುದಿಸ್ತಾಳೆ. ನೀನು ಮೇಲೊಂದು ಚಿಟಿಕೆ ಸೊಪ್ಪು ಉದುರಿಸಿ ಅಡುಗೆ ನಂದು ಅಂತ ಬೋರ್ಡು ಹಾಕ್ಕೊಳ್ತೀಯಲ್ಲ, ನಾಚ್ಕೆ ಆಗಲ್ವಾ?"

"ಗೆರೆ ಇಲ್ದಿದ್ರೆ ಅದು ಚಿತ್ರ ಅಲ್ಲ ಕಣೋ," ಗಸ್ತೋನೆಯ ಉತ್ತರವೂ ಸದಾ ಒಂದೇ. "ಮೇಜು ಒರೆಸಿದ ಬಟ್ಟೆ."

ಎಲ್ದಾ ನಗುತ್ತಿದ್ದಳು. ಎಷ್ಟು ವರ್ಷ ನಕ್ಕಿದ್ದಳೆಂದರೆ, ಆ ಮಾತು ಅವಳಿಗೆ ತಾಗೀತೆಂದು ಗಸ್ತೋನೆಗೆ ಒಂದು ದಿನವೂ ಅನ್ನಿಸಿರಲಿಲ್ಲ. ನಗುವವರಿಗೆ ನೋವಾಗುವುದಿಲ್ಲವೆಂದು ನಂಬಿದ ಗಂಡಸರು ನಮ್ಮ ದಂಡೆಯಲ್ಲಿ ಅವನೊಬ್ಬನೇ ಅಲ್ಲ.

ಅವನ ಶಾಯಿ ಅಂಗಡಿಯದಲ್ಲ. ಶುಕ್ರವಾರ ಎಲ್ದಾ ಮೀನು ಮಾರುಕಟ್ಟೆಯಿಂದ ಮಸಿ ಉಗುಳುವ ಬೊಂಡಾಸ ಮೀನು ತರುತ್ತಾಳೆ. ಅವುಗಳ ಹೊಟ್ಟೆಯೊಳಗಿನ ಮಸಿಚೀಲಗಳಲ್ಲಿ ಅರ್ಧ ಸಾರಿಗೆ, ಅರ್ಧ ಅವನ ಸೀಸೆಗೆ. ಕಪ್ಪು ಸಾರಿನ ಜೊತೆ ಮುಸುಕಿನ ಜೋಳದ ಮುದ್ದೆ ಉಂಡು ಹಲ್ಲು ಕಪ್ಪಾಗಿಸಿಕೊಂಡು, "ನಮ್ಮಿಬ್ರಿಗೂ ಅನ್ನ ಹಾಕೋದು ಒಂದೇ ಮೀನು ನೋಡೇ ಮುದುಕಿ" ಎಂದು ಅವನು ನಗುತ್ತಿದ್ದ ನಗೆ ಓಣಿಯ ತುದಿಗೂ ಕೇಳುತ್ತಿತ್ತು.

ಕೆಲಸದಲ್ಲಿ ಅವನದೊಂದು ಕಟ್ಟುನಿಟ್ಟು. ಬಣ್ಣ ಕಲಸುವ ನೀರು ಚೌಕದ ನಲ್ಲಿಯಿಂದಲೇ ಬರಬೇಕು. ನಾಲ್ಕು ಮೆಟ್ಟಿಲಿಳಿದರೆ ಕಾಲುವೆ, ಬೇಕಾದಷ್ಟು ನೀರು. ಆದರೆ ಅದು ಸಮುದ್ರದ ನೀರು. ಉಪ್ಪು ಕುಡಿದ ಹಾಳೆ ಎಂದೂ ಪೂರ್ತಿ ಒಣಗುವುದಿಲ್ಲ. ಗಾಳಿಯಲ್ಲಿ ತೇವ ಏರಿದ ದಿನ ಹಾಳೆಯೂ ಬೆವರುತ್ತದೆ, ಅದರ ಮೇಲಿನ ಶಾಯಿ ಕಾಲು ಬಿಟ್ಟು ಹರಡುತ್ತದೆ. ಮದುವೆಯಾದ ವರ್ಷ ಎಲ್ದಾ ಆಸೆಪಟ್ಟು ಕಾಲುವೆಯ ನೀರಿನಲ್ಲೊಂದು ಸಂಜೆ ಬರೆದಿದ್ದಳು. ಒಣಗಿದ ಮೇಲೆ ಬಣ್ಣದೊಳಗೆ ಉಪ್ಪಿನ ಹರಳು ಹರಳು ಎದ್ದು, ನೀರು ನಿಜವಾಗಿಯೂ ಮಿನುಗುವಂತೆ ಕಂಡಿತ್ತು. "ನೋಡು, ಕಾಲುವೆ ತನ್ನ ಚಿತ್ರ ತಾನೇ ಬರ್ಕೊಂಡಿದೆ" ಎಂದಿದ್ದಳು. ಗಸ್ತೋನೆ ಅದರ ಮೇಲೆ ಗೆರೆ ಎಳೆದ. ಮಾರನೆಯ ದಿನ ಗೆರೆಗಳೆಲ್ಲ ರೋಮ ಬಿಟ್ಟುಕೊಂಡಿದ್ದವು. ಹಾಳೆ ಹರಿದು ಒಲೆಗೆ ಹಾಕಿದ. ಅಂದಿನಿಂದ ನಲ್ಲಿ ನೀರು.

ಹಿಂದಿನ ಚಳಿಗಾಲದಿಂದ ಅವನ ಬಲಗೈ ನಡುಗತೊಡಗಿತ್ತು. ಯಾರೂ ಆ ಮಾತೆತ್ತುತ್ತಿರಲಿಲ್ಲ. ಅವನು ಲೇಖನಿ ಹಿಡಿದಾಗ ಎಲ್ದಾ ಹಾಳೆಯ ಮೇಲೆ ತನ್ನ ಅಂಗೈ ಒತ್ತಿ, ಅವನ ಮಣಿಕಟ್ಟಿಗೆ ಬೆರಳು ಆನಿಸಿ ನಿಲ್ಲುತ್ತಿದ್ದಳು. ಗಿರಾಕಿಗಳು ನೋಡಿದರೆ "ಇಲ್ಲಿ ಗಾಳಿ ಜಾಸ್ತಿ, ಹಾಳೆ ಹಾರತ್ತೆ" ಎನ್ನುತ್ತಿದ್ದಳು.

ನವೆಂಬರಿನಲ್ಲಿ ಒಂದು ಬೆಳಿಗ್ಗೆ ಮಂಜು ಬಿತ್ತು. ನಮ್ಮಲ್ಲಿ ಮಂಜೆಂದರೆ ಸುಮ್ಮನೆ ಅಲ್ಲ. ಸೇತುವೆ ಅರ್ಧಕ್ಕೇ ಮುಗಿದು ಹೋಗುತ್ತದೆ, ಎದುರಿನ ಮನೆಯವರ ಕೆಮ್ಮು ಕೇಳುತ್ತದೆ, ಮನೆ ಕಾಣುವುದಿಲ್ಲ. ಗಸ್ತೋನೆ ಬಾಗಿಲಿಂದಲೇ ಇಣುಕಿ, "ಇವತ್ತು ನೊಣಾನೂ ಬರಲ್ಲ" ಎಂದು ಹೇಳಿ ಮೂಲೆಯ ವೈನಂಗಡಿಗೆ ಹೋದ. ಎಲ್ದಾ ಮಾತ್ರ ಮೇಜು ಹಾಕಿಕೊಂಡು ಕೂತಳು. ಯಾಕೆ ಕೂತಳೋ ಅವಳಿಗೇ ಗೊತ್ತು.

ಅವನು ಎರಡು ಲೋಟ ಬಿಳಿ ವೈನ್ ಇಳಿಸಿ, ಇಸ್ಪೀಟಿನಲ್ಲಿ ಸೋತು, ಮಧ್ಯಾಹ್ನಕ್ಕೆ ವಾಪಸು ಬಂದಾಗ ಮೇಜಿನೆದುರು ಅಪರಿಚಿತ ಹೆಂಗಸೊಬ್ಬಳು ನಿಂತಿದ್ದಳು. ಬೂದು ಕೋಟು, ಕುತ್ತಿಗೆಗೆ ಕಟ್ಟಿದ ಹಳದಿ ಬಟ್ಟೆ. ಮಂಜಿನ ದೆಸೆಯಿಂದ ದೋಣಿ ಬಸ್ಸು ನಿಂತುಹೋಗಿ ದಾರಿ ತಪ್ಪಿದವಳು. ಅವಳ ಕಣ್ಣು ಮೇಜಿನ ಮೇಲಿನ ಹಾಳೆಯ ಮೇಲಿತ್ತು.

ಗಸ್ತೋನೆಯೂ ನೋಡಿದ. ಹಾಳೆಯಲ್ಲಿ ಏನೂ ಇರಲಿಲ್ಲ. ಅಥವಾ ಎಲ್ಲವೂ ಇತ್ತು. ಕೆಳಗೆ ತುಸು ಗಾಢವಾದ ಒಂದು ಬೂದು, ಅದು ನೀರು ಇರಬೇಕು. ಮೇಲೆ ಅದೇ ಬೂದು ತಿಳಿಯಾಗಿ, ತಿಳಿಯಾಗಿ, ಕಾಗದದ ಬಿಳಿಗೇ ಸೇರಿಹೋಗಿತ್ತು. ನಡುವೆ ಒಂದು ಕಡೆ ಇಟ್ಟಿಗೆಯ ಕೆಂಪು ಸುಳಿವಷ್ಟೇ ಕೊಟ್ಟು ಮರೆಯಾಗಿತ್ತು. ದೋಣಿಯೊಂದು ಇತ್ತು ಎಂದರೆ ಇತ್ತು. ಆದರೂ ಅದು ಅವರ ಕಾಲುವೆಯೇ ಎಂದು, ಇದೇ ಸೇತುವೆಯ ಬುಡದಿಂದ ಕಂಡದ್ದೆಂದು ಕಣ್ಣು ಮುಚ್ಚಿಕೊಂಡು ಹೇಳಬಹುದಾಗಿತ್ತು. ಗೆರೆಗೆ ಜಾಗವೆಲ್ಲಿ ಎಂದು ಗಸ್ತೋನೆಯ ಕಣ್ಣು ಹುಡುಕಿತು, ಸಿಗಲಿಲ್ಲ.

"ಇದು ಯಾರು ಮಾಡಿದ್ದು?" ಆ ಹೆಂಗಸು ಕೇಳಿದಳು.

ಎಲ್ದಾ ಅಭ್ಯಾಸದಂತೆ ಗಂಡನ ಕಡೆ ತಿರುಗಿದಳು. ಆಮೇಲೆ "ನಾನೇ" ಎಂದಳು.

"ಇದಕ್ಕೆ ಇನ್ನೇನೂ ಮಾಡಬೇಡಿ. ಒಂದು ಚುಕ್ಕೇನೂ ಬೇಡ." ಅವಳು ತನ್ನ ಪರಿಚಯ ಹೇಳಿಕೊಂಡಳು: ಹೆಸರು ಕವಾಲ್ಲಿನ್, ಪಾದುವಾದಲ್ಲಿ ಸಣ್ಣದೊಂದು ಚಿತ್ರಶಾಲೆ. ಕ್ರಿಸ್‌ಮಸ್ಸಿಗೆ ಈ ಕಡೆಯ ನೀರೂರುಗಳ ಹೆಂಗಸರು ಬರೆದ ಚಿತ್ರಗಳನ್ನಷ್ಟೇ ತೂಗುಹಾಕುವವಳಿದ್ದಳು. "ಸಾಲೂತೆ ಹಬ್ಬ ಕಳೆದ ಮಾರನೇ ದಿನ ನಾನೇ ಬಂದು ತಗೊಂಡು ಹೋಗ್ತೀನಿ. ಕೆಳಗೆ ನಿಮ್ಮ ಹೆಸರು ಬರೆದಿರಿ."

"ನನ್ನ ಹೆಸರಾ?"

"ಮತ್ತೆ ಯಾರದು?"

ಎಲ್ದಾ ಕೈ ಏಪ್ರನ್ನಿಗೆ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು. "ನಮ್ಮವಳ ಕೈ ಮೊದ್ಲಿಂದ್ಲೂ ಒಳ್ಳೇದೇ ಸಿನ್ಯೋರಾ" ಎಂದು ಗಸ್ತೋನೆ ಟೋಪಿ ಎತ್ತಿ ನಕ್ಕ. ಆ ನಗು ಅವನ ಮುಖದಲ್ಲಿ ಸ್ವಲ್ಪ ಹೆಚ್ಚೇ ಹೊತ್ತು ನಿಂತಿತು. ಕವಾಲ್ಲಿನ್ ಅವನ ಕಡೆ ತಲೆಯಾಡಿಸಿದಳೇ ಹೊರತು, ನೀವು ಯಾರು ಎಂದು ಕೇಳಲಿಲ್ಲ.

ಹಾಳೆ ಮನೆಗೆ ಬಂದು ಅಡುಗೆಮನೆಯ ಗೋಡೆ ಏರಿತು. ಎಲ್ದಾ ಅದರೆದುರು ಮುದ್ದೆ ತಿರುವಿದಳು, ಅದರೆದುರು ಬಟ್ಟೆ ಮಡಚಿದಳು. ರೊಟ್ಟಿ ಸುತ್ತಿ ಬಂದ ಕಾಗದಗಳ ಮೇಲೆ ಪೆನ್ಸಿಲ್ಲಿನಲ್ಲಿ 'ಎಲ್ದಾ ಬುಸೆತ್ತೊ, ಎಲ್ದಾ ಬುಸೆತ್ತೊ' ಎಂದು ಸಹಿ ಅಭ್ಯಾಸ ಮಾಡಿದಳು. ನಮ್ಮಲ್ಲಿ ಹೆಣ್ಣು ಗಂಡನ ಮನೆಗೆ ಬಂದರೂ ಹೆಸರು ತವರಿನದೇ ಇರುತ್ತದೆ. ಆದರೆ ಎಲ್ದಾಳ ಹೆಸರು ಚಿತ್ರದ ಮೇಲೆ ಒಮ್ಮೆಯೂ ಕೂತಿದ್ದಿಲ್ಲ. "ಹಾಳೆ ಮೇಲೆ ಈಗ್ಲೇ ಬರ್ದ್ರೆ ವಕ್ರ ಬರತ್ತೆ. ಅವ್ರು ಬರೋ ಬೆಳಿಗ್ಗೆ ಬರೀತೀನಿ" ಎಂದಳು. ಕಾಗದ ಮುಗಿದರೆ ರೊಟ್ಟಿ ಹೆಚ್ಚು ತರುತ್ತಿದ್ದಳು.

ಗಸ್ತೋನೆಗೆ ಊಟಕ್ಕೆ ಕೂತರೆ ಆ ಮಂಜೇ ಎದುರಿಗೆ. ಮೊದಲ ದಿನ ಸುಮ್ಮನಿದ್ದ. ಎರಡನೆಯ ದಿನ ಚಮಚ ಕೆಳಗಿಟ್ಟ.

"ಆ ದೋಣಿ ಹಾಗೇ ತೇಲ್ತಾ ಇದೆಯಲ್ಲೇ. ಕಟ್ಟೋಕೆ ಒಂದು ಕಂಬ ಆದ್ರೂ ಬೇಡ್ವಾ?"

"ಮಂಜಲ್ಲಿ ಕಂಬ ಕಾಣಲ್ಲ."

"ಕಾಣ್ದಿದ್ರೂ ಇರತ್ತಲ್ಲ!"

"ಇರ್ಲಿ ಬಿಡು. ಇರೋದನ್ನೆಲ್ಲ ಬರೀಬೇಕು ಅಂತ ಕೋರ್ಟಿಂದ ಆರ್ಡ್ರು ಬಂದಿದ್ಯಾ?" ಎಲ್ದಾ ಅವನ ತಟ್ಟೆಗೆ ಇನ್ನೊಂದು ಸೌಟು ಹಾಕಿದಳು. ಆಮೇಲೆ ನಗು ಬಿಟ್ಟು, "ಗಸ್ತೋನೆ, ಅದನ್ನ ಮುಟ್ಬೇಡ" ಎಂದಳು.

"ನಾನ್ಯಾಕೆ ಮುಟ್ಲಿ!" ಅವನಿಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಸಾಲೂತೆ ಹಬ್ಬದ ದಿನ ಊರಿಗೆ ಊರೇ ಒಂದು ದಿಕ್ಕಿಗೆ ನಡೆಯುತ್ತದೆ. ಹಿಂದೆ ಪ್ಲೇಗಿನ ಮಹಾಮಾರಿಯಿಂದ ಕಾಪಾಡಿದ ದೇವಮಾತೆಗೆ ಹೊತ್ತ ಹರಕೆ ಇಂದಿಗೂ ತೀರಿಲ್ಲ. ದೊಡ್ಡ ಕಾಲುವೆಗೆ ಅಡ್ಡಲಾಗಿ ಅಂದು ಮಾತ್ರ ಹಾಸುವ ಹಲಗೆ ಸೇತುವೆ ದಾಟಿ, ಮೇಣದಬತ್ತಿ ಹಚ್ಚಿ, ಆರೋಗ್ಯ ಕೇಳಿಕೊಂಡು ಬಂದು, ಒಣಗಿಸಿದ ಕುರಿಮಾಂಸಕ್ಕೆ ಎಲೆಕೋಸು ಹಾಕಿದ ಸಾರು ಕುಡಿಯುವುದು. ಎಲ್ದಾ ತಂಗಿ ಇರ್ಮಾಳ ಜೊತೆ ಹೊರಟಳು. ಗಸ್ತೋನೆ ಮಂಡಿನೋವೆಂದು ಉಳಿದ. ಮಂಡಿ ನೋಯುತ್ತಿದ್ದದ್ದೂ ಸುಳ್ಳಲ್ಲ.

ಎಲೆಕೋಸು ತಂದ ಒತ್ತೊರೀನೊ ಅಡುಗೆಮನೆಗೇ ಬಂದು, ಸೊಂಟದ ಮೇಲೆ ಕೈ ಇಟ್ಟು ಗೋಡೆ ನೋಡಿದ.  ಹತ್ತಿರ ಹೋದ, ಹಿಂದೆ ಸರಿದ, ಕಣ್ಣು ಕಿರಿದು ಮಾಡಿದ.

"ಇದೇನಾ ಪಾದುವಾಕ್ಕೆ ಹೋಗೋದು? ದೇವ್ರಾಣೆ, ನಂಗೆ ಚಳಿ ಆಗ್ತಿದೆ ನೋಡು. ಪಾಪ ಮುದುಕಾ, ಇನ್ಮೇಲೆ ಯಾರಾದ್ರೂ ನಿನ್ನ ಕಂಡ್ರೆ 'ಓ, ಎಲ್ದಾ ಬುಸೆತ್ತೊ ಗಂಡ ಅಲ್ವಾ' ಅಂತಾರೆ. ಅವ್ಳ ಕುಂಚ ತೊಳ್ಕೊಡು, ಸಂಬ್ಳ ಕೊಡ್ತಾಳೆ!"

ಅವನು ನಗುತ್ತಲೇ ಹೋದ. ಅಡುಗೆಮನೆಯಲ್ಲಿ ಗಸ್ತೋನೆ, ಸಾರಿನ ಕುದಿ ಮತ್ತು ಗೋಡೆಯ ಮೇಲಿನ ಮಂಜು ಉಳಿದವು.

ಒಂದು ಕಂಬ, ಅಷ್ಟೇ ಎಂದುಕೊಂಡ. ಹಾಳೆ ಇಳಿಸಿದ. ಅರ್ಧ ಮುಗಿದ ಚಿತ್ರ ಕೊಟ್ಟರೆ ನಗುತ್ತಾರೆ, ಮುದುಕಿಗೆ ತಿಳಿಯುವುದಿಲ್ಲ, ನಾನಲ್ಲದೆ ಇನ್ಯಾರು ನೋಡಿಕೊಳ್ಳಬೇಕು ಎಂದುಕೊಂಡ. ಸೀಸೆಯ ಮುಚ್ಚಳ ತೆಗೆದ. ದೋಣಿಯ ಪಕ್ಕದಲ್ಲಿ ಕಂಬ ಎಳೆದ. ಕೈ ನಡುಗಲಿಲ್ಲ.

ವರ್ಷದಿಂದ ಬಾರದ ಗೆರೆ ಅದು. ಮೇಲಿಂದ ಕೆಳಗೆ ಒಂದೇ ಉಸಿರಿಗೆ, ಹಳೆಯ ಗಸ್ತೋನೆಯ ಗೆರೆ. ಅವನ ಕಣ್ಣು ತುಂಬಿ ಬಂತು. ಕಂಬಕ್ಕೊಂದು ಹಗ್ಗ ಬಂತು. ಹಗ್ಗ ಬಂದ ಮೇಲೆ ದೋಣಿಗೊಂದು ಅಂಚು ಬೇಡವೇ? ಅಂಚು ಬಂತು. ಆ ಕೆಂಪಿನ ಸುಳಿವಿನೊಳಗೆ ಮನೆ ಇದ್ದೇ ಇದೆಯಲ್ಲ. ಅದಕ್ಕೆ ಕಿಟಕಿ, ಕಿಟಕಿಗೆ ಕದ, ಮೇಲೆ ಚಿಮಣಿ. ಸೇತುವೆ ತನ್ನ ಕಂಬಿಗಳೊಂದಿಗೆ ಎದ್ದು ನಿಂತಿತು. ಎಲ್ಲಿಯೂ ಕೈ ತಡವರಿಸಲಿಲ್ಲ. ಕೊನೆಗೆ ಬಲಮೂಲೆಯಲ್ಲಿ ಬಾಲ ಎಳೆದು ಸಹಿಯನ್ನೂ ಹಾಕಿಬಿಟ್ಟ. ಸಹಿ ಹಾಕಿದ ಮೇಲೆಯೇ ಅವನು ಹಾಳೆ ನೋಡಿದ್ದು.

ಮಂಜು ಹೋಗಿತ್ತು. ಅಂಗಡಿ ಬೀದಿಯಲ್ಲಿ ಡಜನ್ನುಗಟ್ಟಲೆ ಸಿಗುವ, ಅವನೇ ಸಾವಿರ ಸಲ ಎಳೆದಿದ್ದ ಕಾಲುವೆ ಅಲ್ಲಿತ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ.

ಅವನಿಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಮೊದಲ ಕಂಬ ಎಳೆಯುವ ಮೊದಲೇ ಗೊತ್ತಿತ್ತು. ಆ ಹಾಳೆಗೆ ತಾನು ಬೇಕಾಗಿಲ್ಲ ಎಂಬುದು ಆ ಮಂಜಿನ ದಿನ ದಂಡೆಯ ಮೇಲೆಯೇ ತಿಳಿದಿತ್ತು, ಅದನ್ನು ಅವನಿಗೆ ತಡೆಯಲಾಗಲಿಲ್ಲ. ಇಷ್ಟೇ ವಿಷಯ. ಮಿಕ್ಕದ್ದೆಲ್ಲ ಅವನು ತನಗೆ ತಾನೇ ಹೇಳಿಕೊಂಡ ಕಥೆ.

ಎಲ್ದಾ ಬರುವಾಗ ಕೆನ್ನೆ ಚಳಿಗೆ ಕೆಂಪಾಗಿತ್ತು, ಕೈಯಲ್ಲಿ ಸಕ್ಕರೆ ಪಾಕದ ಬಾದಾಮಿಯ ಪೊಟ್ಟಣವಿತ್ತು. ಬಾಗಿಲಲ್ಲೇ ಮಾತು ಶುರು.

"ಏನು ಜನ ಅಂತೀಯ! ಇರ್ಮಾಳ ಕಾಲು ತುಳಿದು ಹಾಕಿದ್ರು. ಎಲ್ರೂ ಅವರವರ ಮನೆಯವ್ರಿಗೆಲ್ಲ ಸೇರಿಸಿ ಒಂದು ಮೇಣದಬತ್ತಿ ಹಚ್ಚಿದ್ರು. ನಾನು ಎರಡು ಹಚ್ಚಿದೆ. ಒಂದು ಎಲ್ಲರಿಗೆ, ಒಂದು ನಿನ್ನ ಕೈಗೆ ಅಂತ. ಈ ಕೈ ನಿಂತ್ರೆ ಸಾಕು ತಾಯಿ ಅಂತ ಬೇಡ್ಕೊಂ..."

ಹಾಳೆ ಮೇಜಿನ ಮೇಲಿತ್ತು. ಅವನು ಅದನ್ನು ಬಚ್ಚಿಟ್ಟಿರಲಿಲ್ಲ. ಎಲ್ದಾ ನೋಡಿದಳು. ಬಾದಾಮಿಯ ಪೊಟ್ಟಣವನ್ನು ಅದರ ಪಕ್ಕದಲ್ಲೇ ಇಟ್ಟಳು. ಕೋಟು ಬಿಚ್ಚಿ ಗೂಟಕ್ಕೆ ಹಾಕಿದಳು. ಪಾತ್ರೆ ಒಡೆಯುತ್ತಾಳೆ, 'ಝೆನ್ನಾರೊ' ಎಂದು ಮನೆತನದ ಹೆಸರು ಹಿಡಿದು ಕೂಗುತ್ತಾಳೆ ಎಂದು ಅವನು ಕಾದ. ಸಿಟ್ಟು ಬಂದಾಗ ಅವಳು ಹಾಗೆ ಕೂಗುವುದು ರೂಢಿ. ಅವಳು ಸಾರಿಗೆ ಉಪ್ಪು ನೋಡಿದಳು.

"ಎಲ್ದಾ, ನಾನು... ಒಂದು ಕಂಬ ಅಂತ ಹೋದೆ..."

"ಕೈ ನಡುಗಿಲ್ಲ" ಎಂದಳು ಅವಳು, ಬೆನ್ನು ತಿರುಗಿಸಿಕೊಂಡೇ. "ನೋಡಿದೆ. ಒಳ್ಳೇ ಗೆರೆ."

ಊಟದ ಹೊತ್ತಿಗೆ ತೇವದ ತೆಂಕಣಗಾಳಿ ಎದ್ದು ಕಿಟಕಿಯ ಗಾಜು ಬೆವರಿತು. ಹಾಳೆಯ ಮೇಲೆ ಕಂಬದ ಗೆರೆ ಮೊದಲು ಕಾಲು ಬಿಟ್ಟಿತು, ಆಮೇಲೆ ಸೇತುವೆ, ಆಮೇಲೆ ಕಿಟಕಿಗಳು. ಶಾಯಿ ಎಲ್ಲ ದಿಕ್ಕಿಗೂ ಹರಿಯತೊಡಗಿತು. ಗಸ್ತೋನೆ ತಲೆಯೆತ್ತಿ ಹೆಂಡತಿಯನ್ನು ನೋಡಿದ.

"ಕಾಲುವೆ ನೀರು" ಎಂದಳು ಎಲ್ದಾ. "ನೀನು ಮುಟ್ಟೋ ಹಾಳೆ ಅಲ್ವಲ್ಲ. ಅದಕ್ಕೇ ಧೈರ್ಯವಾಗಿ ಅದ್ರಲ್ಲೇ ಕುಂಚ ಅದ್ದಿದ್ದೆ."

ಗಸ್ತೋನೆ ತಟ್ಟೆ ಸರಿಸಿದ. "ತಪ್ಪಾಯ್ತು" ಎಂದ. ಅಷ್ಟು ವರ್ಷದ ಸಂಸಾರದಲ್ಲಿ ಆ ಮಾತು ಅವನ ಬಾಯಿಂದ ಅಪರೂಪಕ್ಕೆ ಬಂದದ್ದು, ಬಂದಾಗ ಎಷ್ಟು ಸಣ್ಣದೆಂದು ಅವನಿಗೇ ಗೊತ್ತಾಯಿತು.

"ಹೂಂ. ಸಾರು ಆರತ್ತೆ, ಕುಡಿ" ಎಂದಳು ಅವಳು.

ಮಾರನೆಯ ದಿನ ಕವಾಲ್ಲಿನ್ ಹೇಳಿದ ಹೊತ್ತಿಗೇ ದಂಡೆಯ ಮೇಜಿನ ಬಳಿ ಬಂದಳು. ಚಿತ್ರ ಒಯ್ಯಲು ಚಪ್ಪಟೆ ಪೆಟ್ಟಿಗೆಯೊಂದನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಎಲ್ದಾ ಹಾಳೆಯನ್ನು ಅವಳ ಮುಂದಿಟ್ಟಳು. ಕವಾಲ್ಲಿನ್ ಅದನ್ನು ಬೆಳಕಿಗೆ ಹಿಡಿದಳು. ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

"ಇದು ಯಾರು ಮಾಡಿದ್ದು?"

ಅದೇ ಪ್ರಶ್ನೆ. ಗಸ್ತೋನೆ ಬಾಯಿ ತೆರೆದ. ಹೇಳಬೇಕೆಂದೇ ತೆರೆದ. ಆದರೆ ಪಕ್ಕದಲ್ಲೇ ದೋಣಿ ಕಟ್ಟುತ್ತ ಒತ್ತೊರೀನೊ ಕಿವಿ ನಿಮಿರಿಸಿದ್ದ. ಸೇತುವೆಯ ಮೇಲೆ ಯಾರೋ ಇಬ್ಬರು ನಿಂತು ನೋಡುತ್ತಿದ್ದರು. ಬಾಯಿ ಒಣಗಿತು. 

"ನಾನೇ" ಎಂದಳು ಎಲ್ದಾ.

"ನೀವಾ?"

"ಖಾಲಿ ಖಾಲಿ ಅನ್ನಿಸ್ತು. ನಾನೇ ಇವ್ರಿಗೆ ಹೇಳಿ ಗೆರೆ ಹಾಕಿಸ್ದೆ. ನಾವು ಯಾವಾಗ್ಲೂ ಹಾಗೇ ಮಾಡೋದು."

ಕವಾಲ್ಲಿನ್ ಹಾಳೆಯನ್ನು ಮೆತ್ತಗೆ ಮೇಜಿನ ಮೇಲಿಟ್ಟಳು. ಅವಳಿಗೆ ಸಿಟ್ಟಿಗಿಂತ ಹೆಚ್ಚಾಗಿ ಬೇಸರವಾಗಿತ್ತು. "ನಿಮ್ಮ ಮೇಲೆ ನಿಮಗೇ ನಂಬಿಕೆ ಇಲ್ಲದಿದ್ರೆ ಬೇರೆಯವ್ರು ಏನು ಮಾಡೋಕಾಗತ್ತೆ ಸಿನ್ಯೋರಾ?" ಎಂದಳು. ಎಲ್ದಾ ತಲೆಬಾಗಿಸಿ ಆ ಮಾತನ್ನೂ ತನ್ನ ತಲೆಗೇ ಹೊತ್ತುಕೊಂಡಳು. ಕವಾಲ್ಲಿನ್ ಖಾಲಿ ಪೆಟ್ಟಿಗೆ ಹೆಗಲಿಗೇರಿಸಿ ಹೊರಟಳು.

ಗಸ್ತೋನೆ ಅಲ್ಲೇ ಕಂಬದ ಹಾಗೆ ನಿಂತಿದ್ದ. ಒತ್ತೊರೀನೊ ಕುಟುಕಲಿಲ್ಲ. ಹಗ್ಗ ಬಿಗಿದು, ಬುಟ್ಟಿ ಎತ್ತಿಕೊಂಡು, ಅವನ ಮುಖ ನೋಡದೆ ಹಾದುಹೋದ. ಆಗ ಗಸ್ತೋನೆಗೆ ಕಾಲು ಬಂತು. ಮಂಡಿ ಕಳಚಿ ಬೀಳುವಂತೆ ನೋಯುತ್ತಿದ್ದರೂ ಓಣಿಗಳಲ್ಲಿ ಓಡಿದ, ಸೇತುವೆ ಹತ್ತಿ ಇಳಿದ, ದೋಣಿ ಬಸ್ಸಿನ ನಿಲ್ದಾಣದಲ್ಲಿ ಅವಳನ್ನು ಹಿಡಿದ.

"ಸಿನ್ಯೋರಾ, ಅದು ನಾನು ಮಾಡಿದ್ದು. ಅವ್ಳು ಮುಟ್ಬೇಡ ಅಂದಿದ್ಳು. ಅವ್ಳು ಮನೇಲಿಲ್ದಾಗ ಮಾಡ್ದೆ. ಅವ್ಳ ತಪ್ಪಿಲ್ಲ."

ಕವಾಲ್ಲಿನ್ ಹೆಗಲ ಮೇಲಿನ ಪೆಟ್ಟಿಗೆ ಸರಿಮಾಡಿಕೊಂಡಳು. "ಇದನ್ನ ಇಲ್ಲಿ ನನ್ನೊಬ್ಬಳಿಗೆ ಹೇಳಿ ಏನು ಬಂತು? ಅಲ್ಲೇ ಹೇಳಬೇಕಿತ್ತು, ನಿಮ್ಮ ಹೆಂಡತಿ ಎದುರಿಗೆ."

"ಹೌದು" ಎಂದ ಗಸ್ತೋನೆ.

ದೋಣಿ ಬಂದು ನಿಂತಿತು. ಹತ್ತುವ ಮೊದಲು ಅವಳು ತಿರುಗಿದಳು. "ಇನ್ನೊಂದು ಬರೀಲಿ. ತೂಗುಹಾಕೋ ಹಿಂದಿನ ದಿನದವರೆಗೂ ಅವರಿಗೆ ಅಂತ ಗೋಡೆ ಖಾಲಿ ಇಟ್ಟಿರ್ತೀನಿ. ಡಿಸೆಂಬರಿನಲ್ಲಿ, ಸಂತ ಲುಚೀಯಾ ಹಬ್ಬದ ದಿನ ತೂಗುಹಾಕ್ತೀವಿ."

ಮನೆಗೆ ಬಂದು ಅದನ್ನು ಹೇಳಿದಾಗ ಎಲ್ದಾ ಆಲೂಗಡ್ಡೆ ಸುಲಿಯುತ್ತಿದ್ದಳು. ಸಿಪ್ಪೆಯನ್ನು ಕಡಿಯದೆ ಉದ್ದಕ್ಕೆ ಸುತ್ತಿಸಿ ತೆಗೆದು ಕೆಳಗಿಟ್ಟಳು.

"ನೀನ್ಯಾಕೆ 'ನಾನೇ' ಅಂತ ಹೇಳ್ದೆ?" ಅವನು ಕೇಳಿದ. "ನನ್ನ ಮೇಲೆ ಹಾಕಿದ್ರೆ ಆಗ್ತಿತ್ತಲ್ಲ."

"ಅಷ್ಟು ಜನದ ಮುಂದೆ ನೀನು ಒಣಗಿದ ಬಾಯಿ ತಕ್ಕೊಂಡು ನಿಂತಿದ್ಯಲ್ಲ. ನೋಡೋಕಾಗ್ಲಿಲ್ಲ."

"ಇನ್ನೊಂದು ಮಾಡು ಎಲ್ದಾ. ನಿನ್ನ ದಮ್ಮಯ್ಯ."

"ಇನ್ನೊಂದು ಮಾಡೋಕೆ ಅದೇನು ರೊಟ್ಟೀನಾ?" ಅವಳು ಇನ್ನೊಂದು ಆಲೂಗಡ್ಡೆ ಎತ್ತಿಕೊಂಡಳು. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಅವನಿಗೆ ಭಯವಾಯಿತು. "ಅವತ್ತು ಕೂತಾಗ ನಂಗೆ ನಿನ್ನ ನೆನಪೇ ಇರ್ಲಿಲ್ಲ ಗಸ್ತೋನೆ. ಬೇಜಾರು ಮಾಡ್ಕೋಬೇಡ. ಗೆರೆ ಎಲ್ಲಿ ಬರತ್ತೆ, ಎಲ್ಲಿ ಜಾಗ ಬಿಡ್ಬೇಕು, ಏನೂ ಇರ್ಲಿಲ್ಲ ತಲೇಲಿ. ಈಗ ಕುಂಚ ಎತ್ತಿದ್ರೆ ಅದೇ ಕಾಣತ್ತೆ. ಕಣ್ಣು ಮುಚ್ಚಿದ್ರೂ ಕಂಬ ಕಾಣತ್ತೆ."

ಮುಂದಿನ ದಿನಗಳಲ್ಲಿ ಗಸ್ತೋನೆ ಮಂಜಿಗಾಗಿ ಕಾದ. ಜೀವಮಾನವೆಲ್ಲ ಮಂಜೆಂದರೆ ವ್ಯಾಪಾರಕ್ಕೆ ಶನಿ ಎಂದು ಬೈದವನು ಈಗ ನಸುಕಿನಲ್ಲೆದ್ದು ಕಿಟಕಿ ತೆರೆದು ನೋಡುತ್ತಿದ್ದ. ಬಡಗಣಗಾಳಿ ಆಕಾಶವನ್ನು ಉಜ್ಜಿ ತೊಳೆದಿತ್ತು. ದೂರದ ಬೆಟ್ಟಗಳ ಹಿಮದವರೆಗೂ ಕಾಣುವಷ್ಟು ನಿಚ್ಚಳ. ಮೇಜಿನ ಬಳಿ ಎಲ್ದಾ ಎಂದಿನಂತೆ ಬಣ್ಣ ಹಾಕಿದಳು, ಆದರೆ ಅವಳ ಬಣ್ಣ ಬದಲಾಗಿತ್ತು. ಮನೆ ಮನೆಯ ಅಳತೆಗೆ ನಿಲ್ಲುತ್ತಿತ್ತು. ಕಿಟಕಿಗೆ ಕಿಟಕಿಯಷ್ಟೇ, ಕಂಬಕ್ಕೆ ಕಂಬದಷ್ಟೇ ಬಿಳಿ ಜಾಗ. ಹರಿಯುವ ನೀರನ್ನೂ ಅವಳು ಅಂಚಿನಲ್ಲಿ ತಡೆದು ನಿಲ್ಲಿಸುತ್ತಿದ್ದಳು. ಗಿರಾಕಿಗಳು "ಎಷ್ಟು ನೀಟು!" ಎಂದು ಕೊಂಡರು. ಒಮ್ಮೆ ಅವನು ಗೆರೆ ಹಾಕದೆ ಹಾಳೆಯನ್ನು ಹಾಗೇ ಪಕ್ಕಕ್ಕಿಟ್ಟ. "ಮುಗಿಸು ಮುದುಕಾ, ಅವ್ರು ಕಾಯ್ತಿದ್ದಾರೆ" ಎಂದು ಅವಳೇ ಲೇಖನಿ ಕೈಗೆ ಕೊಟ್ಟಳು. ಕೈ ಮತ್ತೆ ನಡುಗತೊಡಗಿತ್ತು. ಅವಳು ಮಣಿಕಟ್ಟಿಗೆ ಬೆರಳು ಆನಿಸಿದಳು.

ಸಂತ ಲುಚೀಯಾ ಹಬ್ಬದ ಹಿಂದಿನ ದಿನ ಮಂಜು ಬಂತು.

ಗಸ್ತೋನೆ ಅವಳಿಗಿಂತ ಮೊದಲೇ ದಂಡೆಗೆ ಹೋಗಿ ಮೇಜು ಹಾಕಿದ. ಹೊಸ ಹಾಳೆ ಹಲಗೆಗೆ ಅಂಟಿಸಿದ. ಶಾಯಿಯ ಸೀಸೆ, ಲೇಖನಿಗಳನ್ನು ಬೇಕೆಂದೇ ಮನೆಯಲ್ಲಿ ಬಿಟ್ಟು ಬಂದಿದ್ದ. ಆಮೇಲೆ ಗಾಜಿನ ಲೋಟ ಹಿಡಿದು, ಪಾಚಿಯಲ್ಲಿ ಜಾರುವ ಮೆಟ್ಟಿಲುಗಳನ್ನು ಒಂದೊಂದಾಗಿ, ಗೋಡೆ ಹಿಡಿದು ಇಳಿದ. ಕೊನೆಯ ಮೆಟ್ಟಿಲಲ್ಲಿ ಬಗ್ಗಿ ಕಾಲುವೆಯ ನೀರು ತುಂಬಿದ. ಜೀವನದಲ್ಲಿ ಮೊದಲ ಸಲ ಅವಳ ಬಣ್ಣಕ್ಕೆ ನೀರು ಅವನು ತಂದದ್ದು. ನಡುಗುವ ಕೈಯಿಂದ ಅರ್ಧ ಚೆಲ್ಲಿತು; ಮತ್ತೆ ಇಳಿದು ತುಂಬಿಕೊಂಡು ಬಂದು, ಅವಳ ಕುಂಚಗಳ ಪಕ್ಕದಲ್ಲಿಟ್ಟ.

ಎಲ್ದಾ ಬಂದಳು. ಮಂಜಿನೊಳಗಿಂದ ಮೊದಲು ಅವಳ ಚಪ್ಪಲಿಯ ಸದ್ದು, ಆಮೇಲೆ ಅವಳು. ಹಾಳೆ ನೋಡಿದಳು, ಲೋಟ ನೋಡಿದಳು, ಒದ್ದೆಯಾದ ಅವನ ಷರಾಯಿ ನೋಡಿದಳು. ಲೋಟಕ್ಕೆ ಬೆರಳದ್ದಿ ನಾಲಿಗೆಗೆ ಮುಟ್ಟಿಸಿದಳು. 

"ಈ ಮಂಡಿ ಇಟ್ಕೊಂಡು ಆ ಮೆಟ್ಟಿಲು ಇಳಿದ್ಯಾ? ಹುಚ್ಚು ಮುದುಕ" ಎಂದಳು, ಮೆತ್ತಗೆ. ಅವನ ಕೆನ್ನೆ ತಟ್ಟಿದಳು. ಆಮೇಲೆ ಲೋಟವನ್ನು ದಂಡೆಯಾಚೆ ಚಾಚಿ, ನೀರನ್ನು ಕಾಲುವೆಗೆ ಸುರಿದು, ಚೌಕದ ನಲ್ಲಿಯ ಕಡೆ ನಡೆದಳು.

ನಲ್ಲಿ ನೀರು ತಂದು ಕೂತಳು. ಕುಂಚ ಅದ್ದಿದಳು. ಎದುರಿಗೆ ಸೇತುವೆ ಅರ್ಧಕ್ಕೇ ಮುಗಿದಿತ್ತು, ಆಚೆ ದಂಡೆಯೇ ಇರಲಿಲ್ಲ. ಅವಳು ನೋಡಲೂ ಇಲ್ಲ. ಹಾಳೆಯ ಮೇಲೆ ಆಕಾಶಕ್ಕೆ ಶುದ್ಧ ನೀಲಿ ಹಾಕಿದಳು, ಗೋಡೆಗಳಿಗೆ ಇಟ್ಟಿಗೆ ಕೆಂಪು, ನೀರಿನ ಮೇಲೆ ಬಿಸಿಲಿನ ಹಳದಿ. ದೋಣಿಯ ಪಕ್ಕದಲ್ಲಿ ಕಂಬಕ್ಕೆ ಸರಿಯಾಗಿ ಸಣ್ಣದೊಂದು ಬಿಳಿ ಜಾಗ ಬಿಟ್ಟಳು. ಹಾಳೆ ಒಣಗುವವರೆಗೆ ಇಬ್ಬರೂ ಕಾದು ಕೂತರು.

"ಶಾಯಿ ತಂದಿಲ್ಲ" ಎಂದ ಗಸ್ತೋನೆ. ಅವನ ದನಿ ಅವನಿಗೇ ಅಳುವ ಮಗುವಿನದಂತೆ ಕೇಳಿತು.

"ಗೊತ್ತು. ಮರ್ತಿದ್ಯಲ್ಲ ಅಂತ ನಾನೇ ತಂದೆ." ಎಲ್ದಾ ಚೀಲದಿಂದ ಸೀಸೆ ತೆಗೆದು, ಮುಚ್ಚಳ ಬಿಚ್ಚಿ ಅವನ ಮುಂದಿಟ್ಟಳು. ಲೇಖನಿ ಕೊಟ್ಟಳು. ಹಾಳೆಯ ಮೇಲೆ ಅಂಗೈ ಒತ್ತಿ, ಅವನ ಕೈ ನಡುಗದಂತೆ ಮಣಿಕಟ್ಟು ಹಿಡಿದುಕೊಂಡಳು.